ಹೆಚ್ಚು ಬಿಗಿದ ನಟ್ಟು

"ಅಜ್ಜಾರ, ಗವಿಸಿದ್ಧನ ಹಂತ್ಯಾಕ ಇದ್ದು ನನ್ನ ಹಂತ್ಯಾಕ ಇಲ್ಲದ್ದು ಏನೈತ್ರಿ?"

ಮಠದ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಚನ್ನಮಲ್ಲ ಮೊರವನ್ನು ಕೆಳಗಿಟ್ಟು ಹೀಗೆ ಕೇಳಿದ. ಬಹಳ ದಿನಗಳಿಂದ ಕೇಳಬೇಕೆಂದಿದ್ದ ಪ್ರಶ್ನೆ ಅದು.

ಚನ್ನಮಲ್ಲ ಮಠಕ್ಕೆ ಬಂದು ಆರು ವರ್ಷವಾಗಿತ್ತು. ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿತ್ತು. ದಾಸೋಹಕ್ಕೆ ಅಕ್ಕಿ ಎಷ್ಟು ಬೇಕು, ಹಬ್ಬಕ್ಕೆ ಎಷ್ಟು ಜನ ಬಂದಾರು ಎಂಬುದನ್ನೆಲ್ಲ ಮಠದ ಸ್ವಾಮಿಗಳಾದ ಅಜ್ಜ ಅವನನ್ನೇ ಕೇಳುತ್ತಿದ್ದರು. ಗವಿಸಿದ್ಧ ಬಂದು ವರ್ಷವೂ ತುಂಬಿರಲಿಲ್ಲ. ಆದರೂ ಸಂಜೆಯ ಪಾಠಕ್ಕೆ ಅಜ್ಜ ಅವನನ್ನು ಕರೆದು ತಮ್ಮ ಮಗ್ಗುಲಲ್ಲಿ ಕೂರಿಸಿಕೊಳ್ಳುತ್ತಿದ್ದರು. ಚನ್ನಮಲ್ಲನಿಗೆ ಬಾಗಿಲ ಬಳಿ ಜಾಗ. ಗವಿಸಿದ್ಧ ತಲೆಯನ್ನು ಒಂದು ಕಡೆ ವಾಲಿಸಿ, ಅಜ್ಜನ ಮುಖವನ್ನೇ ನೋಡುತ್ತ ಕೂರುತ್ತಿದ್ದ. ಇದು ಭಕ್ತಿಯಲ್ಲ, ಭಕ್ತಿಯ ವೇಷ ಎಂದು ಚನ್ನಮಲ್ಲನಿಗೆ ಅನ್ನಿಸುತ್ತಿತ್ತು.

ಇದರಿಂದ ನಿನಗೆ ಏನು ತೊಂದರೆಯಾಗಿದೆ ಎಂದು ಅಜ್ಜ ಕೇಳಿದರು. ಚನ್ನಮಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೆಲಸದಲ್ಲಿರುವಷ್ಟು ಹೊತ್ತು ಮನಸ್ಸು ನೆಟ್ಟಗಿರುತ್ತದೆ, ಕಣ್ಣು ಮುಚ್ಚಿ ಸುಮ್ಮನೆ ಕೂತರೆ ಮಾತ್ರ ನಡುಗತೊಡಗುತ್ತದೆ, ಪೂಜೆಯ ಅರ್ಧದಲ್ಲೇ ಎದ್ದುಬಿಡುವಂತಾಗುತ್ತದೆ ಎಂದ.

"ಓಡುವಾಗ ಚಲೋ, ನಿಂತಾಗ ನಡುಕ," ಎಂದರು ಅಜ್ಜ. "ಈ ಜಡ್ಡು ನನಗ ಗೊತ್ತೈತಿ. ಹಳೇ ಮೋಟಾರಿಗೆ ಬರ್ತೈತಿ."

ಸನ್ಯಾಸಕ್ಕೆ ಮೊದಲು ಅಜ್ಜ ಲಾರಿ ಓಡಿಸುತ್ತಿದ್ದರೆಂದು ಊರಲ್ಲಿ ಕೆಲವರು ಹೇಳುತ್ತಿದ್ದರು. ಅಜ್ಜ ಅದನ್ನು ಹೌದೆಂದೂ ಅಂದವರಲ್ಲ, ಅಲ್ಲವೆಂದೂ ಅಂದವರಲ್ಲ. ಮೊರವನ್ನು ತಮ್ಮ ಕಡೆ ಎಳೆದುಕೊಂಡು ಕಲ್ಲು ಆರಿಸುತ್ತ ಕತೆ ಹೇಳತೊಡಗಿದರು.

ಒಂದು ಊರು. ಊರ ನಡುವೆ ರೈಲಿನ ಹಳಿ. ಹಳಿಯ ಒಂದು ಕಡೆ ಪೇಟೆ, ಆಸ್ಪತ್ರೆ. ಇನ್ನೊಂದು ಕಡೆ ಹೊಲ ಮತ್ತು ಹಳ್ಳಿಗಳು. ಪೇಟೆಯಲ್ಲಿ ಹುಸೇನಸಾಬ ಎಂಬ ಉಸ್ತಾದರ ಗ್ಯಾರೇಜು ಇತ್ತು. ಅವರ ಕೈಯಲ್ಲಿ ಇಬ್ಬರು ಮೋಟಾರು ಕೆಲಸ ಕಲಿತರು. ಹಿರಿಯವನು ಮೌನೇಶ, ಕಿರಿಯವನು ಕಲ್ಲಪ್ಪ. ಮೌನೇಶ ಚುರುಕು. ಉಸ್ತಾದರು ಹೇಳುವ ಮೊದಲೇ ಅವರಿಗೆ ಬೇಕಾದ, ನಟ್ಟು ತಿರುವುವ ಪಾನಾ ಅವನ ಕೈಯಲ್ಲಿರುತ್ತಿತ್ತು. ಕಲ್ಲಪ್ಪ ನಿಧಾನದವನು. ಒಮ್ಮೊಮ್ಮೆ ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಎದುರಿಗೆ ಬಂದು ನಿಂತು ಹೇಳಿದರೆ ಮಾತ್ರ ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುತ್ತಿದ್ದ.

ವಯಸ್ಸಾಗಿ ಉಸ್ತಾದರ ಕೈ ನಡುಗತೊಡಗಿತು. ಒಂದು ಶುಕ್ರವಾರ ನಮಾಜು ಮುಗಿಸಿ ಬಂದವರು ಇಬ್ಬರನ್ನೂ ಕರೆದರು. ಗ್ಯಾರೇಜಿನ ಜಾಗ, ಜಾಕು, ಚೈನು, ಪಾನಾಗಳ ಪೆಟ್ಟಿಗೆ ಎಲ್ಲವನ್ನೂ ಮೌನೇಶನಿಗೆ ಒಪ್ಪಿಸಿದರು. ಕಲ್ಲಪ್ಪನಿಗೆ ಒಂದು ಸ್ಕ್ರೂಡ್ರೈವರ್ ಕೊಟ್ಟರು. ಮೊಳದುದ್ದದ, ಕಟ್ಟಿಗೆ ಹಿಡಿಯ ಹಳೆಯ ಸ್ಕ್ರೂಡ್ರೈವರ್. ಉಸ್ತಾದರು ಅದರ ತುದಿಯನ್ನು ಓಡುವ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿ, ಒಳಗಿನ ಜಡ್ಡು ಯಾವುದೆಂದು ಹೇಳುತ್ತಿದ್ದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುವ ಹಾಗೆ ಎಂದು ಊರವರು ಬೆರಗಾಗುತ್ತಿದ್ದರು.

ಬುದ್ಧಿ ಇದ್ದವನಾಗಿದ್ದರೆ ಮೌನೇಶ ಅಂದು ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣಬೇಕಿತ್ತು. ಇಡೀ ಗ್ಯಾರೇಜು ಸಿಕ್ಕಿತ್ತು. ಆದರೆ ಅವನಿಗೆ ತುತ್ತು ಇಳಿಯಲಿಲ್ಲ. ಉಸ್ತಾದರು ನನಗೆ ಕಬ್ಬಿಣ ಕೊಟ್ಟರು, ಅವನಿಗೆ ವಿದ್ಯೆ ಕೊಟ್ಟರು ಎಂಬುದೊಂದೇ ಅವನ ತಲೆಯಲ್ಲಿ ಕೂತುಬಿಟ್ಟಿತು. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಹೆಂಡತಿ ಕೇಳಿದಳು. ಮರುದಿನವೇ ಅವನು ಅದಕ್ಕಿಂತ ಒಂದು ಗೇಣು ಉದ್ದದ್ದನ್ನು ತಂದ. ಎಂಜಿನ್ನಿಗೆ ಊರಿ ಕಿವಿಗೆ ಹಚ್ಚಿ ನೋಡಿದ. ಕಬ್ಬಿಣದ ಗದ್ದಲ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಗುಟ್ಟು ಆ ಹಳೆಯ ಸ್ಕ್ರೂಡ್ರೈವರಿನಲ್ಲೇ ಇದೆ ಎಂದು ಅವನಿಗೆ ಇನ್ನಷ್ಟು ಖಾತ್ರಿಯಾಯಿತು.

ಕಲ್ಲಪ್ಪ ರಸ್ತೆಯ ಆಚೆ ಬದಿಯಲ್ಲಿ, ಬೇವಿನ ಮರದ ಪಕ್ಕ ನಾಲ್ಕು ತಗಡು ಹೊದಿಸಿಕೊಂಡು ಕೆಲಸಕ್ಕೆ ಕೂತ. ಬೇರೆ ಊರಿಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೌನೇಶ ತನ್ನ ಕೆಲಸದ ಮೇಜನ್ನು ಗೋಡೆಯ ಕಡೆಯಿಂದ ರಸ್ತೆಯ ಕಡೆ ತಿರುಗಿಸಿಕೊಂಡ. ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ಕೇಳಿದವರಿಗೆ ಹೇಳಿದ. ಬೆಳಕಿಗಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆಚೆ ಒಂದು ಗಾಡಿ ಬಂದು ನಿಂತರೆ ಈಚೆ ಇವನ ಕೈ ನಿಲ್ಲುತ್ತಿತ್ತು. ತನ್ನ ಅಂಗಳದಲ್ಲಿ ನಾಲ್ಕು ಗಾಡಿ ಕಾಯುತ್ತಿದ್ದರೂ ಅಲ್ಲಿಯ ಒಂದು ಗಾಡಿಯೇ ಕಣ್ಣಿಗೆ ಚುಚ್ಚುತ್ತಿತ್ತು.

ಕಲ್ಲಪ್ಪ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಹಚ್ಚುತ್ತಿರಲಿಲ್ಲ. ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮೌನೇಶ ತನ್ನ ಗಿರಾಕಿಗಳ ಮುಂದೆ ಅದನ್ನು ಅಣಕಿಸಿ ತೋರಿಸುತ್ತಿದ್ದ. ಕಿವಿ ಎಲ್ಲಿದೆ ಎಂಬುದೇ ಗೊತ್ತಿಲ್ಲದವನು ಎಂಜಿನ್ನಿನ ಮಾತು ಏನು ಕೇಳಿಯಾನು ಎನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಒಮ್ಮೆ ಮೌನೇಶ ಏನೋ ಬೇಕಾಗಿ ರಸ್ತೆಯ ಈಚೆಯಿಂದ ಕಲ್ಲಪ್ಪನನ್ನು ಮೂರು ಸಲ ಕೂಗಿದ. ಕಲ್ಲಪ್ಪ ತಲೆ ಎತ್ತಲಿಲ್ಲ. ಇಷ್ಟು ಬೇಗ ಇಷ್ಟು ಸೊಕ್ಕೇ ಎಂದುಕೊಂಡು ಅಂದಿನಿಂದ ಮಾತು ಬಿಟ್ಟ.

ಮೌನೇಶನಿಗೆ ಇದ್ದದ್ದು ಒಂದೇ ಸಮಾಧಾನ. ಡಾಕ್ಟರ್ ಇಂದೂಬಾಯಿಯವರ ಕಾರು. ಊರಿಗೆಲ್ಲ ಬಾಯಾರು ಎಂದೇ ಪರಿಚಿತರಾದ ಅವರು ಹಳ್ಳಿಹಳ್ಳಿಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಅವರ ಕಾರಿಗೆ ಮೂವತ್ತು ವರ್ಷ ವಯಸ್ಸು. ಬಣ್ಣ ಹೋಗಿತ್ತು, ಬಾಗಿಲಿಗೆ ಹಗ್ಗ ಕಟ್ಟಿದ್ದರು, ಆದರೆ ಎಂಜಿನ್ ಗಟ್ಟಿ. ಉಸ್ತಾದರು ಸ್ವಂತ ಮಗುವಿನ ಹಾಗೆ ನೋಡಿಕೊಂಡ ಕಾರು ಅದು. ಬಾಯಾರ ಕಾರು ಯಾರ ಕೈಯಲ್ಲಿದೆಯೋ ಅವನೇ ದೊಡ್ಡ ಮೇಸ್ತ್ರಿ ಎಂದು ಊರಲ್ಲಿ ಲೆಕ್ಕ. ಗ್ಯಾರೇಜಿನ ಸಂಗಡ ಆ ಕಾರೂ ಮೌನೇಶನ ಕೈಗೆ ಬಂದಿತ್ತು. ಕಲ್ಲಪ್ಪನ ಹತ್ತಿರ ಏನೇ ಇರಲಿ, ಬಾಯಾರ ಕಾರು ನನ್ನ ಹತ್ತಿರ ಇದೆ ಎಂದು ಅವನು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದ. ಅದೂ ಹೋದರೆ ಉಸ್ತಾದರು ವಿದ್ಯೆಗೆ ಕಲ್ಲಪ್ಪನನ್ನೇ ಆರಿಸಿದ್ದು ಸರಿ ಎಂದಾಗುತ್ತಿತ್ತು.

ಹೀಗೆ ಮೂರು ವರ್ಷ ಕಳೆದ ಮೇಲೆ ಒಂದು ದಿನ ಆ ಕಾರಿನ ಕಾರ್ಬೊರೇಟರ್ ತೊಳೆಯುವ ಕೆಲಸ ಬಂತು. ಕಾರ್ಬೊರೇಟರ್ ಎಂದರೆ ಗಾಳಿಗೂ ಪೆಟ್ರೋಲಿಗೂ ಹದ ಕೂಡಿಸಿ ಎಂಜಿನ್ನಿಗೆ ಕುಡಿಸುವ ಡಬ್ಬಿ. ಮೌನೇಶ ಅದನ್ನು ಬಿಚ್ಚಿ, ಕಸ ತೊಳೆದು, ಊದಿ, ತಿರುಗಿ ಎಂಜಿನ್ನಿನ ಮೇಲೆ ಕೂರಿಸಿದ. ನಾಲ್ಕು ನಟ್ಟು. ಪಾನಾ ಹಾಕಿ ಬಿಗಿಯುತ್ತಿದ್ದಾಗ ತಲೆ ಎತ್ತಿದ. ಆಚೆ ತಗಡಿನ ಕೆಳಗೆ ಉಸ್ತಾದರು ಬಂದು ಕೂತಿದ್ದರು. ಕಲ್ಲಪ್ಪನ ಬಲಕ್ಕೆ ಸ್ಟೂಲು ಎಳೆದುಕೊಂಡು, ಅವನ ಹೆಗಲ ಮೇಲೆ ಕೈ ಹಾಕಿ, ಕಿವಿಯ ಹತ್ತಿರ ಬಾಯಿ ಇಟ್ಟು ಏನೋ ಹೇಳುತ್ತಿದ್ದರು. ಕಲ್ಲಪ್ಪ ತಲೆದೂಗಿದ. ಇಬ್ಬರೂ ನಕ್ಕರು.

ಹದಿನೆಂಟು ವರ್ಷ ಅವರ ಕೈಕೆಳಗೆ ಇದ್ದೆ, ನನ್ನ ಕಿವಿಯಲ್ಲಿ ಅವರು ಒಂದು ದಿನವೂ ಗುಟ್ಟು ಹೇಳಲಿಲ್ಲ ಎಂದು ಮೌನೇಶನಿಗೆ ಅನ್ನಿಸಿತು. ಕಣ್ಣು ಅಲ್ಲಿಂದ ಕೀಳಲಾಗಲಿಲ್ಲ. ಕೈ ಮಾತ್ರ ತನ್ನ ಕೆಲಸ ಮಾಡುತ್ತಲೇ ಇತ್ತು. ಉಸ್ತಾದರು ಎದ್ದು ಹೋದ ಮೇಲೆ ಅವನು ನೋಡಿದ. ನಾಲ್ಕೂ ನಟ್ಟು ಕೂತಿದ್ದವು. ಬಾನೆಟ್ಟು ಮುಚ್ಚಿದ.

ಎರಡು ದಿನ ಕಳೆದು ಬಾಯಾರು ಬಂದರು. ಕಾರು ಓಡುವಾಗ ಸರಿ ಇದೆ, ನಿಲ್ಲಿಸಿದರೆ ಮೈಯೆಲ್ಲ ನಡುಗಿ, ಸದ್ದು ಇಳಿದು ಇಳಿದು ಆರಿಹೋಗುತ್ತದೆ ಎಂದರು. ಮೌನೇಶ ಅದನ್ನು ಹಗುರವಾಗಿ ತೆಗೆದುಕೊಂಡ. ನಿಂತ ಗಾಡಿಯ ಎಂಜಿನ್ ಎಷ್ಟು ಜೋರಾಗಿ ತಿರುಗಬೇಕು ಎಂದು ಹೇಳುವ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಅದನ್ನು ತಿರುವಿ ಸದ್ದು ಏರಿಸಿದ. ಕಾರು ನಿಂತಲ್ಲೇ ಕಿರುಚತೊಡಗಿತು, ಆದರೆ ಆರಲಿಲ್ಲ. ಬಾಯಾರು ಹೋದರು. ನಾಲ್ಕನೆಯ ದಿನ ಮತ್ತೆ ಬಂದರು. ಕಿರುಚುವುದೂ ಹೋಗಿರಲಿಲ್ಲ, ನಡುಗುವುದೂ ಹೋಗಿರಲಿಲ್ಲ.

ಮೌನೇಶ ಪ್ಲಗ್ಗು ಬದಲಿಸಿದ. ಕಿಡಿ ಹಾರುವ ಪಾಯಿಂಟು ತಿಕ್ಕಿದ. ಪೆಟ್ರೋಲ್ ಟ್ಯಾಂಕು ಇಳಿಸಿ ತೊಳೆದ. ಒಂದೊಂದಕ್ಕೂ ಒಂದೊಂದು ದಿನ ಹೋಯಿತು. ಎಲ್ಲ ಮುಗಿದ ಮೇಲೆ, ಇರಲಿ ಎಂದು, ಕಾರ್ಬೊರೇಟರಿನ ಆ ನಾಲ್ಕು ನಟ್ಟಿಗೂ ಇನ್ನೊಂದೊಂದು ಎಳೆತ ಕೊಟ್ಟು ಬಾನೆಟ್ಟು ಮುಚ್ಚುತ್ತಿದ್ದ. ಕಾರು ಪ್ರತಿ ಸಲವೂ ಮೊದಲಿಗಿಂತ ಸ್ವಲ್ಪ ಹೆಚ್ಚೇ ನಡುಗುತ್ತಿತ್ತು.

ಆಗ ಅವನಿಗೆ ಒಂದು ಸಂಶಯ ಬಂತು. ಬಾಯಾರು ಪೇಟೆಗೆ ಬಂದಾಗ ಕಾರನ್ನು ಬೇವಿನ ಮರದ ನೆರಳಲ್ಲಿ ನಿಲ್ಲಿಸುತ್ತಿದ್ದರು. ಮರದ ಪಕ್ಕದಲ್ಲೇ ಕಲ್ಲಪ್ಪನ ತಗಡು. ಕಲ್ಲಪ್ಪನೇ ಏನೋ ಕೈಚಳಕ ಮಾಡುತ್ತಿದ್ದಾನೆ ಎಂದು ಮೌನೇಶನ ಹೊಟ್ಟೆಕಿಚ್ಚು ಅವನಿಗೆ ಹೇಳಿತು. ಹೊಟ್ಟೆಕಿಚ್ಚು ಹೇಳಿದ್ದನ್ನು ನಂಬುವುದು ಬಹಳ ಸುಲಭ. ಬೇವಿನ ಕೆಳಗೆ ಕಾರು ನಿಲ್ಲಿಸಬೇಡಿ ಎಂದು ಬಾಯಾರಿಗೆ ಹೇಳಿದ. ಪೇಟೆಯಲ್ಲಿ ನೆರಳಿರುವುದು ಅಲ್ಲಿ ಮಾತ್ರ, ಬಿಸಿಲಲ್ಲಿ ಯಾಕೆ ಸುಡಲಿ ಎಂದು ಬಾಯಾರು ಕೇಳಿದರು. ಒಂದು ಸಂತೆಯ ದಿನ ಮೌನೇಶ ಕೆಲಸ ಬಿಟ್ಟು ಕಂಬದ ಮರೆಯಲ್ಲಿ ನಿಂತು ಕಾವಲು ಕಾದ. ಕಲ್ಲಪ್ಪ ಇಡೀ ದಿನ ಒಂದು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಮಲಗಿದ್ದ, ಬಾಯಾರ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪು ಮಾಡದೆ ಇದ್ದದ್ದಕ್ಕೆ ಮೌನೇಶನಿಗೆ ಅವನ ಮೇಲೆ ಸಿಟ್ಟು ಇಮ್ಮಡಿಯಾಯಿತು.

ಆಮೇಲೆ ಆಗಬಾರದ್ದು ಆಗುವುದರಲ್ಲಿತ್ತು. ಹಳಿಯ ಆಚೆ ಒಂದು ಹಳ್ಳಿಯಲ್ಲಿ ಹೆರಿಗೆ ನೋವು ಶುರುವಾದ ಹೆಂಗಸಿಗೆ ರಕ್ತ ಹೋಗುತ್ತಿದೆ ಎಂದು ಮಧ್ಯಾಹ್ನ ಕರೆ ಬಂತು. ಬಾಯಾರು ಕಾರು ಹತ್ತಿ ಹೊರಟರು. ರೈಲ್ವೆ ಗೇಟು ಹಾಕಿತ್ತು. ನಿಂತ ಕಾರು ನಡುಗಿ ಆರಿಹೋಯಿತು. ಚಾಲೂ ಮಾಡಿದರು, ಆರಿತು. ಮತ್ತೆ ಚಾಲೂ ಮಾಡಿದರು, ಮತ್ತೆ ಆರಿತು. ರೈಲು ಹೋಗಿ ಗೇಟು ತೆರೆಯಿತು. ಹಿಂದಿನ ಗಾಡಿಗಳು ಹಾರ್ನು ಹೊಡೆಯತೊಡಗಿದವು. ಗೇಟಿನ ಪಕ್ಕದಲ್ಲಿ ಒಂದು ಲಾರಿಯ ಕೆಲಸಕ್ಕೆ ಬಂದಿದ್ದ ಕಲ್ಲಪ್ಪ ಎದ್ದು ಬಂದ. ಆ ಗದ್ದಲದಲ್ಲೇ ಬಾನೆಟ್ಟು ಎತ್ತಿ, ಕಾರು ಚಾಲೂ ಮಾಡಿಸಿ, ಸ್ಕ್ರೂಡ್ರೈವರ್ ಊರಿ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತ. ಕಾಲು ಪೂರಾ ತೆಗೆಯಬೇಡಿ, ಪೆಡಲನ್ನು ಸ್ವಲ್ಪ ಒತ್ತಿಕೊಂಡೇ ಇರಿ, ಆರುವುದಿಲ್ಲ ಎಂದು ಬಾಯಾರಿಗೆ ಹೇಳಿದ. ಬಾಯಾರು ಹಾಗೆಯೇ ಮಾಡಿ ಹಳಿ ದಾಟಿದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಆ ತಾಯಿ ಉಳಿಯುತ್ತಿರಲಿಲ್ಲ.

ಮರುದಿನ ಬಾಯಾರು ಇದನ್ನೆಲ್ಲ ಮೌನೇಶನಿಗೆ ಹೇಳಿದರು. ಹಳ್ಳಿಯಿಂದ ತಿರುಗಿ ಬರುವಾಗ ಕಾರನ್ನು ನೀನೇ ಸರಿ ಮಾಡಿಕೊಡು ಎಂದು ತಾವು ಕಲ್ಲಪ್ಪನನ್ನು ಕೇಳಿದರೂ ಅವನು ಒಪ್ಪಲಿಲ್ಲ ಎಂದೂ ಹೇಳಿದರು. ಇದು ಮೌನೇಶಣ್ಣನ ಗಾಡಿ, ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಅವನಿಗೆ ಹೇಳಿರಿ, ಎಲ್ಲೆಂದು ಅವನೇ ಕಂಡುಹಿಡಿಯುತ್ತಾನೆ ಎಂದು ಕಲ್ಲಪ್ಪ ಹೇಳಿ ಕಳಿಸಿದ್ದ.

ಮೌನೇಶನಿಗೆ ತಾಯಿ ಬದುಕಿದ್ದು ಕೇಳಿಸಲಿಲ್ಲ. ಮೌನೇಶಣ್ಣ ಎಂದದ್ದೂ ಕೇಳಿಸಲಿಲ್ಲ. ಕಲ್ಲಪ್ಪ ನನ್ನ ಕಾರಿನ ಬಾನೆಟ್ಟು ಎತ್ತಿದ, ನನಗೆ ಪಾಠ ಹೇಳಿ ಕಳಿಸಿದ, ಇವೆರಡೇ ಕೇಳಿಸಿದವು. ಗಾಳಿ ಎಳೆಯುತ್ತದೆಯೇ, ಅದು ಹೇಗೆ ಎಳೆಯುತ್ತದೋ ನೋಡಿಯೇಬಿಡುತ್ತೇನೆ ಎಂದುಕೊಂಡ. ಪಾನಾದ ಹಿಡಿಗೆ ಒಂದು ಕೊಳವೆ ತೊಡಿಸಿ, ಎರಡೂ ಕೈ ಹಾಕಿ, ಮೈಯ ಬಲವನ್ನೆಲ್ಲ ಕೊಟ್ಟು ನಾಲ್ಕೂ ನಟ್ಟು ಬಿಗಿದ. ಚಾಲೂ ಮಾಡಿದ. ಕಾರು ಎರಡು ಸಲ ಕೆಮ್ಮಿ ಆರಿಹೋಯಿತು. ಈಗ ಅದು ಆರದೆ ನಿಲ್ಲುವ ಮಾತಿರಲಿ, ಚಾಲೂ ಆಗುವುದೇ ಕಷ್ಟವಾಗಿತ್ತು.

ಬಾಯಾರು ಪಕ್ಕದಲ್ಲೇ ನಿಂತಿದ್ದರು.

"ಮೌನೇಶ, ನಾಳೆ ಮುಂಜಾನೆ ತನಕ ನೋಡ್ತೀನಿ," ಎಂದರು. "ಆಗಲಿಲ್ಲಂದ್ರ ಗಾಡಿ ಕಲ್ಲಪ್ಪನ ಹತ್ರ ಬಿಡ್ತೀನಿ. ನನಗ ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಆ ಗೇಟಿನಾಗ ಇನ್ನೊಮ್ಮೆ ಹಂಗ ನಿಲ್ಲೂದು ನನ್ನಿಂದ ಆಗೂದಿಲ್ಲ."

ಮೌನೇಶ ಕೈಯನ್ನೂ ಒರೆಸಿಕೊಳ್ಳದೆ ಉಸ್ತಾದರ ಮನೆಗೆ ಹೋದ. ಉಸ್ತಾದರು ಅಂಗಳದಲ್ಲಿ ಆಡಿಗೆ ಸೊಪ್ಪು ಹಾಕುತ್ತಿದ್ದರು. ಇಷ್ಟು ವರ್ಷ ಒಳಗೆ ಇಟ್ಟುಕೊಂಡದ್ದೆಲ್ಲ ಅವನ ಬಾಯಿಂದ ಒಂದೇ ಸಲ ಹೊರಗೆ ಬಂತು.

"ಅವಗ ವಿದ್ಯಾ ಕೊಟ್ರಿ, ನನಗ ಕಬ್ಬಿಣ ಕೊಟ್ರಿ, ಉಸ್ತಾದ್ರ. ಆ ಸ್ಕ್ರೂಡ್ರೈವರ್ ಒಂದ್ ದಿನದ ಮಟ್ಟಿಗೆ ನನಗ ಕೊಡಸ್ರಿ. ಇಲ್ಲಂದ್ರ ನಾಳೆ ನನ್ನ ಮಾನ ಹೋಗ್ತೈತಿ."

ಉಸ್ತಾದರು ಬೇಸರಪಡಲಿಲ್ಲ. ಅದು ಈಗ ನನ್ನದಲ್ಲ, ಅವನದು, ನೀನೇ ಹೋಗಿ ಕೇಳಿ ಇಸಿದುಕೊಂಡು ಬಾ, ನಾನು ಗ್ಯಾರೇಜಿಗೆ ಬರುತ್ತೇನೆ ಎಂದರು.

ರಸ್ತೆ ದಾಟಲು ಇಪ್ಪತ್ತು ಹೆಜ್ಜೆ. ಮೌನೇಶನಿಗೆ ಅದು ಇಪ್ಪತ್ತು ಹರದಾರಿ ಆಯಿತು. ಕಲ್ಲಪ್ಪ ತಲೆ ತಗ್ಗಿಸಿ ಏನೋ ತಿಕ್ಕುತ್ತಿದ್ದ. ಮೌನೇಶ ಅವನ ಎಡಗಡೆ ನಿಂತು ಸ್ಕ್ರೂಡ್ರೈವರ್ ಬೇಕಾಗಿದೆ ಎಂದ. ಕಲ್ಲಪ್ಪ ತಲೆ ಎತ್ತಲಿಲ್ಲ. ಇನ್ನೊಮ್ಮೆ ಕೇಳಿದ. ಆಗಲೂ ಎತ್ತಲಿಲ್ಲ. ಬೇಡಲು ಬಂದವನನ್ನು ಹೀಗೆ ನಿಲ್ಲಿಸುತ್ತಾನಲ್ಲ ಎಂದು ಮೌನೇಶನ ಮೈ ಉರಿಯಿತು. ತಿರುಗಿ ಹೋಗಬೇಕೆನ್ನುವಷ್ಟರಲ್ಲಿ ಅವನ ನೆರಳು ಕಲ್ಲಪ್ಪನ ಕೈಯ ಮೇಲೆ ಬಿತ್ತು. ಕಲ್ಲಪ್ಪ ಗಾಬರಿಯಾಗಿ ಎದ್ದ. ಅಣ್ಣ ಬಂದನೆಂದು ಸ್ಟೂಲು ಒರೆಸಿದ. ಕೇಳಿದ್ದು ತಿಳಿದ ಮೇಲೆ ಯಾಕೆ ಎನ್ನಲಿಲ್ಲ, ಯಾವಾಗ ತಿರುಗಿ ಕೊಡುತ್ತೀ ಎನ್ನಲಿಲ್ಲ. ಅರಿವೆಯಲ್ಲಿ ಒರೆಸಿ ಎರಡೂ ಕೈಯಿಂದ ಕೊಟ್ಟ. ಇಲ್ಲ ಎಂದಿದ್ದರೆ ಮೌನೇಶನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗ್ಯಾರೇಜಿನಲ್ಲಿ ಉಸ್ತಾದರು ಕಾರಿನ ಒಳಗೆ ಕೂತು, ಪೆಡಲು ಒತ್ತಿ ಹೇಗೋ ಅದನ್ನು ಆರದ ಹಾಗೆ ಹಿಡಿದಿದ್ದರು. ಮೌನೇಶ ಸ್ಕ್ರೂಡ್ರೈವರ್ ಊರಿ ಹಿಡಿಯನ್ನು ಕಿವಿಗೆ ಹಚ್ಚಿದ. ಇದಕ್ಕಾಗಿಯೇ ಮೂರು ವರ್ಷ ಅವನ ಅನ್ನ ಕಹಿಯಾಗಿತ್ತು. ಕೇಳಿಸಿದ್ದು ಅದೇ ಕಬ್ಬಿಣದ ಗದ್ದಲ. ಅಂಗಡಿಯಿಂದ ತಂದದ್ದರಲ್ಲಿ ಕೇಳಿಸಿದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಉಸ್ತಾದರು ಎಣ್ಣೆಯ ಕುಪ್ಪಿ ತರಿಸಿದರು. ಕಾರ್ಬೊರೇಟರಿನ ಬುಡಕ್ಕೆ, ಅದು ಎಂಜಿನ್ನಿನ ಮೇಲೆ ಕೂತ ಸಂದಿಗೆ, ನಾಲ್ಕು ಹನಿ ಬಿಡು ಎಂದರು. ಮೌನೇಶ ಬಿಟ್ಟ. ಹನಿಗಳು ಕೆಳಗೆ ಇಳಿಯಲಿಲ್ಲ, ಸಂದಿಯೊಳಗೆ ಹೋಗಿಬಿಟ್ಟವು. ಅಷ್ಟು ಹೊತ್ತು, ಒಂದೆರಡು ಉಸಿರಿನಷ್ಟು ಹೊತ್ತು, ಎಂಜಿನ್ ನಡುಕ ಬಿಟ್ಟು ಸಮವಾಗಿ ತಿರುಗಿತು. ಆಮೇಲೆ ಮತ್ತೆ ನಡುಗಿತು. ಕಲ್ಲಪ್ಪ ಹೇಳಿ ಕಳಿಸಿದ್ದು ಸರಿಯಾಗಿತ್ತು. ಅಲ್ಲೇ ಗಾಳಿ ಎಳೆಯುತ್ತಿತ್ತು.

ಕಾರು ಆರಿಸಿ ಬಿಚ್ಚು ಎಂದರು ಉಸ್ತಾದರು. ಪಾನಾಕ್ಕೆ ನಟ್ಟು ಜಗ್ಗಲಿಲ್ಲ. ಮೌನೇಶ ಕೊಳವೆ ತೊಡಿಸಿ ಜೋತುಬಿದ್ದು ಬಿಚ್ಚಬೇಕಾಯಿತು. ಉಸ್ತಾದರು ಆ ಕೊಳವೆಯನ್ನು ನೋಡಿದರು. ಗೋಡೆಯ ಮೇಲಿದ್ದ ಕನ್ನಡಿಯನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿ, ಕಾರ್ಬೊರೇಟರನ್ನು ಅದರ ಮೇಲೆ ನಿಲ್ಲಿಸಿದರು. ನಟ್ಟು ಕೂರುವ ಮೂಲೆಗಳು ಕನ್ನಡಿಗೆ ಹತ್ತಿದ್ದವು. ನಡುವಿನ ಬುಡ ಮೇಲಕ್ಕೆದ್ದು, ಕೆಳಗಿನಿಂದ ಆ ಬದಿಯ ಬೆಳಕು ಕಾಣುತ್ತಿತ್ತು.

ಉಸ್ತಾದರು ವಿವರಿಸಿ ಹೇಳಿದರು. ಸಂದಿ ಮುಚ್ಚಲೆಂದು ಬುಡದ ಕೆಳಗೆ ಹಾಕುವ ಪ್ಯಾಕಿಂಗು ಮೆತ್ತಗಿರುತ್ತದೆ. ನಟ್ಟು ಕೂತ ಮೇಲೆ ಕೈ ನಿಲ್ಲಿಸಬೇಕು. ಇನ್ನೂ ಎಳೆದರೆ ಮೂಲೆ ಬಾಗುತ್ತದೆ, ನಡುವೆ ಸಂದಿ ಬೀಳುತ್ತದೆ. ಸಂದಿ ಮುಚ್ಚಲೆಂದು ಮತ್ತೆ ಎಳೆದಷ್ಟೂ ಸಂದಿ ಬೆಳೆಯುತ್ತದೆ. ಓಡುವ ಎಂಜಿನ್ ರಾಶಿ ಗಾಳಿ ಕುಡಿಯುತ್ತಿರುತ್ತದೆ, ಅದರಲ್ಲಿ ಈ ಕಳ್ಳಗಾಳಿ ಲೆಕ್ಕಕ್ಕೆ ಬರುವುದಿಲ್ಲ. ನಿಂತಾಗ ಅದಕ್ಕೆ ಬೇಕಾದದ್ದು ಒಂದು ಗುಟುಕು. ಆಗ ಈ ಸಂದಿಯೇ ಅದರ ಹದ ಕೆಡಿಸುತ್ತದೆ.

"ಇಷ್ಟ್ ಬಿಗಿ ಯಾರ್ ಹಾಕಿದ್ರು, ತಮ್ಮಾ?" ಎಂದು ಕೇಳಿದರು.

ಆ ಗ್ಯಾರೇಜಿನಲ್ಲಿ ಪಾನಾ ಹಿಡಿಯುವವನು ಒಬ್ಬನೇ. ಮೌನೇಶನಿಗೆ ಆ ದಿನ ನೆನಪಿಗೆ ಬಂತು. ಆಚೆಯ ತಗಡು, ಎಳೆದುಕೊಂಡ ಸ್ಟೂಲು, ಹೆಗಲ ಮೇಲಿನ ಕೈ, ಇಬ್ಬರ ನಗು. ಅವನ ಕಣ್ಣು ಅಲ್ಲಿದ್ದಾಗ ಕೈ ಏನು ಮಾಡಿತ್ತು ಎಂದು ಈಗ ಗೊತ್ತಾಯಿತು. ಕಳ್ಳನನ್ನು ಬೇವಿನ ಮರದ ಕೆಳಗೆ ಹುಡುಕಿದ್ದಕ್ಕೆ ನಾಚಿಕೆಯಾಯಿತು. ಅವನು ಮುಚ್ಚಿಡದೆ ಎಲ್ಲವನ್ನೂ ಉಸ್ತಾದರಿಗೆ ಹೇಳಿದ.

ಉಸ್ತಾದರು ಬೈಯಲಿಲ್ಲ. ಕನ್ನಡಿಯ ಮೇಲೆ ಉಜ್ಜುಕಾಗದ ಹಾಸಿಕೊಟ್ಟರು. ಮೌನೇಶ ಕಾರ್ಬೊರೇಟರಿನ ಬುಡವನ್ನು ಅದರ ಮೇಲೆ ಸುತ್ತಸುತ್ತ ತಿಕ್ಕಿದ. ಹತ್ತು ಸುತ್ತಿಗೊಮ್ಮೆ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಹೊತ್ತು ಇಳಿಯುವವರೆಗೂ ಅವನ ಕಣ್ಣು ಒಮ್ಮೆಯೂ ರಸ್ತೆಯ ಕಡೆ ಹೋಗಲಿಲ್ಲ. ಬೆಳಕು ಕಾಣುವುದು ನಿಂತ ಮೇಲೆ ಹೊಸ ಪ್ಯಾಕಿಂಗು ಕತ್ತರಿಸಿ ಹಾಕಿದ. ನಟ್ಟುಗಳನ್ನು ಎದುರುಬದುರು ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಕೂರಿಸಿದ. ಕೊನೆಗೆ ಪಾನಾವನ್ನು ಎರಡೇ ಬೆರಳಲ್ಲಿ ಹಿಡಿದು ಎಳೆದು, ನಟ್ಟು ಕೂತದ್ದು ತಿಳಿದ ಕೂಡಲೇ ಕೈ ಬಿಟ್ಟ. ಏರಿಸಿದ್ದ ಸ್ಕ್ರೂವನ್ನು ಇಳಿಸಿ ಮೊದಲಿನ ಹದಕ್ಕೆ ತಂದ.

ಚಾಲೂ ಮಾಡಿದ. ಉಸ್ತಾದರು ಕುಡಿಯಲು ತಂದಿದ್ದ ನೀರಿನ ಲೋಟವನ್ನು ಎಂಜಿನ್ನಿನ ಮೇಲೆ ಇಟ್ಟರು. ನೀರಿನಲ್ಲಿ ಸಣ್ಣ ಅಲೆ ಎದ್ದಿತು, ಆದರೆ ಒಂದು ಹನಿಯೂ ತುಳುಕಲಿಲ್ಲ.

ಬಾಯಾರ ಕಾರು ಉಳಿಯಿತು. ಮೌನೇಶನಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಸ್ಕ್ರೂಡ್ರೈವರ್ ಇನ್ನೂ ಅವನ ಕೈಯಲ್ಲೇ ಇತ್ತು. ಇದರಲ್ಲಿ ಏನೂ ಇಲ್ಲವೆಂದ ಮೇಲೆ ಇದನ್ನು ಅವನಿಗೆ ಯಾಕೆ ಕೊಟ್ಟಿರಿ, ನನಗೆ ಯಾಕೆ ಕೊಡಲಿಲ್ಲ ಎಂದು ಕೇಳಿಯೇಬಿಟ್ಟ. ಉಸ್ತಾದರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಅವಗ ಎಡಗಿವಿ ಪೂರಾ ಇಲ್ಲ, ಬಲಗಿವಿ ಅರ್ಧ. ಸಣ್ಣಂವ ಇದ್ದಾಗ ಜ್ವರ ಬಂದು ಕಿವಿ ಹೋದ್ವು. ಎಲುಬಿಗೆ ಒತ್ತಿ ಹಿಡದ್ರ ಮಾತ್ರ ಎಂಜಿನ್ ಕೇಳ್ತೈತಿ. ಕಿವುಡ ಅಂತ ಗೊತ್ತಾದ್ರ ಅವನ ಕೈಯಾಗ ಗಾಡಿ ಯಾರ್ ಬಿಡ್ತಾರ? ಅದಕ್ಕ ಇಷ್ಟ್ ದಿನ ಯಾರ ಮುಂದೂ ಹೇಳಿರಲಿಲ್ಲ. ನಿನಗ ಎರಡೂ ಕಿವಿ ಅದಾವ, ಅದಕ್ಕ ನಿನಗ ಕೊಡಲಿಲ್ಲ."

ಮೌನೇಶ ಸ್ಕ್ರೂಡ್ರೈವರನ್ನು ಒರೆಸಿದ. ರಸ್ತೆ ದಾಟಿ ಹೋದ. ಈ ಸಲ ಕಲ್ಲಪ್ಪನ ಬಲಗಡೆಗೆ ಹೋಗಿ ನಿಂತು ಅವನ ಹೆಸರು ಹಿಡಿದು ಕರೆದ.

ಇಲ್ಲಿಗೆ ಅಜ್ಜ ಕತೆ ನಿಲ್ಲಿಸಿದರು. ಮೊರದಲ್ಲಿ ಕಲ್ಲು ಉಳಿದಿರಲಿಲ್ಲ. ಜೋಳವನ್ನು ಒಂದು ಸಲ ಮೇಲಕ್ಕೆ ಹಾರಿಸಿ ಹೊಟ್ಟು ತೂರಿ, ಮೊರವನ್ನು ಚನ್ನಮಲ್ಲನ ಮುಂದಿಟ್ಟರು.

ಚನ್ನಮಲ್ಲ ಮೊರವನ್ನು ಮುಟ್ಟಲಿಲ್ಲ. ಗವಿಸಿದ್ಧ ತಲೆ ವಾಲಿಸುತ್ತಿದ್ದದ್ದು ಯಾವಾಗಲೂ ಒಂದೇ ಕಡೆಗೆ ಎಂಬುದು ಅವನಿಗೆ ಈಗ ನೆನಪಾಯಿತು. ಅವನು ನೋಡುತ್ತಿದ್ದದ್ದು ಅಜ್ಜನ ಮುಖವನ್ನಲ್ಲ, ತುಟಿಯನ್ನು. ಮೊನ್ನೆ ಉಗ್ರಾಣದ ಬಾಗಿಲಲ್ಲಿ ಎರಡು ಸಲ ಕರೆದರೂ ಗವಿಸಿದ್ಧ ಓಗೊಡದೆ ಹೋದದ್ದಕ್ಕೆ ತಾನು ಅವನಿಗೆ ಎರಡು ದಿನ ಮಜ್ಜಿಗೆ ಬಡಿಸದೆ ಇದ್ದದ್ದೂ ನೆನಪಾಯಿತು. ತಲೆ ತಗ್ಗಿಸಿಕೊಂಡೇ, ತನಗೆ ಬಾಗಿಲ ಬಳಿಯ ಜಾಗವೇ ಸಾಕು, ಮಗ್ಗುಲಿನ ಜಾಗ ಬೇಡ ಎಂದ.

ಅಜ್ಜ ಅವನ ಹೆಗಲ ಮೇಲೆ ಕೈ ಇಟ್ಟರು.

"ಅಲ್ಲಿಂದನ ನಿನಗ ಕೇಳಸ್ತೈತಿ ಅಂತ ತಿಳಕೊಂಡಿದ್ದೆ, ಚನ್ನಮಲ್ಲ, ನಾಳಿಂದ ನೀನೂ ಹತ್ರ ಬಂದು ಕೂಡು."